ಡಬ್ಲಿನ್‌ಗೆ ವಿಶೇಷ ಸ್ಥಾನಮಾನ ಸಾಕು: ಕಾಲುವೆ ಕೊನೆಯ ಊರಿನವನ ಮಾತು

ಶನಿವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಕ್ಲಬ್ ಮೈದಾನದಲ್ಲಿ ನಿಂತರೆ ಒಂದೇ ಸಮನೆ ಎಣಿಕೆ ಕೇಳಿಸುತ್ತದೆ. ಒಂದು, ಎರಡು, ಮೂರು, ನಾಲ್ಕು, ಸೋಲೋ! ಮತ್ತೆ ಒಂದರಿಂದ ಶುರು. ಐರ್ಲೆಂಡಿನ ಸ್ವಂತ ಆಟವಾದ ಗೇಲಿಕ್ ಫುಟ್ಬಾಲಿನಲ್ಲಿ ಚೆಂಡು ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಜಾಸ್ತಿ ಓಡುವ ಹಾಗಿಲ್ಲ. ಅಷ್ಟರಲ್ಲಿ ನೆಲಕ್ಕೆ ಒಮ್ಮೆ ಪುಟಿಸಬೇಕು, ಇಲ್ಲವೇ ಕಾಲಿನ ಮೇಲೆ ಬಿಟ್ಟು ಮೆಲ್ಲಗೆ ಒದ್ದು ಮತ್ತೆ ಕೈಗೆ ತಂದುಕೊಳ್ಳಬೇಕು. ಆ ಒದೆತಕ್ಕೇ ಸೋಲೋ ಅನ್ನುವುದು. ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಅವಳಿಗೆ ಸೋಲೋ ಬರಲು ಒಂದಿಡೀ ಚಳಿಗಾಲ ಹಿಡಿಯಿತು. ಚೆಂಡು ಮೂಗಿಗೆ ಬಡಿಯುತ್ತಿತ್ತು, ಇಲ್ಲವೇ ಪಕ್ಕದ ಹುಡುಗನ ಕಾಲ ಹತ್ತಿರ ಉರುಳುತ್ತಿತ್ತು. ಕೊನೆಗೆ ಒಂದು ದಿನ ಕೋಚ್ ಒದ್ದೆ ಹುಲ್ಲಿನಲ್ಲಿ ಅವಳ ಮುಂದೆ ಮಂಡಿಯೂರಿ ಕೂತರು. ಅವಳ ಬೂಟಿನ ತುದಿಯನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಬಾಗಿಸಿ, 'ಬೆರಳು ನಿನ್ನ ಕಡೆ ನೋಡಬೇಕು' ಅಂದರು. ಅವತ್ತು ಚೆಂಡು ನೇರ ಅವಳ ಕೈಗೆ ಬಂತು.

ಆ ಕೋಚ್‌ಗೆ ಇದೇ ಪೂರ್ತಿ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ಸುತ್ತಲಿನ ಶಾಲೆಗಳಿಗೆ ಹೋಗಿ ಆಟ ಕಲಿಸುತ್ತಾರೆ. ಶನಿವಾರ ಕ್ಲಬ್‌ಗೆ ಬರುತ್ತಾರೆ. ಡಬ್ಲಿನ್‌ನ ದೊಡ್ಡ ಕ್ಲಬ್ಬುಗಳಲ್ಲಿ ಹೀಗೆ ಸಂಬಳದ ಕೋಚ್ ಇರುವುದು ಈಗ ಮಾಮೂಲು. ಸಂಬಳದಲ್ಲಿ ಅರ್ಧ ಕ್ಲಬ್ ಕೊಡುತ್ತದೆ, ಇನ್ನರ್ಧ ಡಬ್ಲಿನ್ ಕೌಂಟಿಗೆ ಬರುವ ಅನುದಾನದಿಂದ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆ ಅನುದಾನದ ಬಗ್ಗೆಯೇ ಇಲ್ಲಿ ಎರಡು ದಶಕದಿಂದ ಜಗಳ ನಡೆಯುತ್ತಿದೆ. ಆಟದಲ್ಲಿ ಎಲ್ಲರಿಗಿಂತ ಬಲವಾಗಿರುವ ಕೌಂಟಿಗೆ, ಎಲ್ಲರಿಗಿಂತ ಜಾಸ್ತಿ ಹಣ, ಅದೂ 'ವಿಶೇಷ' ಅನ್ನುವ ಹೆಸರಿನಲ್ಲಿ ಹೋಗಬೇಕೇ?

ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ಹಣದಿಂದ ನನ್ನ ಮಗಳಿಗೇ ಲಾಭವಾಗಿದೆ ಅನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಾವು ಐರ್ಲೆಂಡಿಗೆ ಬಂದಾಗ ಮೊದಲ ಎರಡು ವರ್ಷ ಇದ್ದದ್ದು ಡಬ್ಲಿನ್‌ನಲ್ಲಲ್ಲ. ಲೀಟ್ರಿಮ್ ಕೌಂಟಿಯ ಕ್ಯಾರಿಕ್-ಆನ್-ಶಾನನ್ ಅನ್ನುವ ಹೊಳೆದಂಡೆಯ ಊರಿನಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಲೀಟ್ರಿಮ್‌ನ ಜನಸಂಖ್ಯೆ ಸುಮಾರು 35 ಸಾವಿರ. ನಮ್ಮ ಕಡೆ ಒಂದು ದೊಡ್ಡ ಹೋಬಳಿಯಷ್ಟು ಜನ. ಪಕ್ಕದ ಮನೆಯವರು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗುವ ಮನುಷ್ಯ. ಸಂಜೆ ಆರಕ್ಕೆ ಅವರೇ ಮಕ್ಕಳ ಕೋಚ್. ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವವರೂ ಅವರೇ, ಜರ್ಸಿ ಒಗೆದು ತರುವವರು ಅವರ ಹೆಂಡತಿ. ಹದಿಮೂರರ ಒಳಗಿನ ಮಕ್ಕಳ ತಂಡಕ್ಕೆ ಊರಲ್ಲಿ ಸಾಕಷ್ಟು ಹುಡುಗರು ಸಿಗದೆ ಪಕ್ಕದ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ಗುಂಪು) ಜೊತೆ ಸೇರಿ ಒಂದು ತಂಡ ಕಟ್ಟಿದ್ದರು. ಅಭ್ಯಾಸ ಒಂದು ವಾರ ಇಲ್ಲಿ, ಇನ್ನೊಂದು ವಾರ ಅಲ್ಲಿ. ಒಂದು ಸಂಜೆ ಮಳೆಯಲ್ಲಿ ನಾನೂ ಅವರ ಜೊತೆ ನಿಂತು ಚೆಂಡು ಹೆಕ್ಕಿ ಕೊಟ್ಟೆ. ಎಂಟು ಹುಡುಗರು, ಐದು ಚೆಂಡು. ಅದರಲ್ಲಿ ಒಂದಕ್ಕೆ ಗಾಳಿ ನಿಲ್ಲುತ್ತಿರಲಿಲ್ಲ. ಅವರು ಅದನ್ನು ಮತ್ತೆ ಮತ್ತೆ ಪಂಪ್ ಮಾಡಿ ಅಂಗಳಕ್ಕೆ ಬಿಡುತ್ತಿದ್ದರು.

ಆ ಐದು ಚೆಂಡೂ ಶನಿವಾರದ ಮೈದಾನವೂ ಒಂದೇ ಸಂಸ್ಥೆಯವು. ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಇಲ್ಲಿ ಎಲ್ಲರ ಬಾಯಲ್ಲೂ ಜಿಎಎ. ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪ್ಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಒಂದು ಹೋಟೆಲಿನಲ್ಲಿ. ಮೈಕಲ್ ಕ್ಯೂಸಾಕ್ ಮತ್ತು ಮಾರಿಸ್ ಡ್ಯಾವಿನ್ ಮುಂದಾಳುಗಳು. ದೇಶ ಎರಡಾದ ಮೇಲೂ ಇದು ಎರಡಾಗಲಿಲ್ಲ. ಉತ್ತರ ಐರ್ಲೆಂಡಿನ ಆರು ಕೌಂಟಿಗಳೂ ಸೇರಿ ಇವತ್ತಿಗೂ 32 ಕೌಂಟಿ. ಆಟಗಾರರಿಗೆ ಸಂಬಳವಿಲ್ಲ. ಡಬ್ಲಿನ್ ಪರವಾಗಿ ಒಂಬತ್ತು ಸಲ ಆಲ್-ಐರ್ಲೆಂಡ್, ಅಂದರೆ ಕೌಂಟಿಗಳ ನಡುವಿನ ಅತಿ ದೊಡ್ಡ ಪ್ರಶಸ್ತಿ, ಗೆದ್ದ ಗೋಲಿ ಸ್ಟೀಫನ್ ಕ್ಲಕ್ಸ್‌ಟನ್ ಶಾಲೆಯ ಮೇಷ್ಟ್ರು. ಫೈನಲ್ ನಡೆಯುವ ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನ ಕೂತು ನೋಡುತ್ತಾರೆ. ಆಡಿದವರು ವಾರದ ಕೊನೆ ಮುಗಿಸಿ ಕೆಲಸಕ್ಕೆ ಹೋಗುತ್ತಾರೆ.

ಇಲ್ಲಿ ಇನ್ನೊಂದು ವಿಷಯವನ್ನು ಹೇಳಲೇಬೇಕು. ಈ ಆಟದಲ್ಲಿ ಆಟಗಾರರನ್ನು ಕೊಳ್ಳುವ ಹಾಗಿಲ್ಲ. ಹರಾಜು ಇಲ್ಲ. ನಿಮ್ಮ ಪ್ಯಾರಿಷ್ ಯಾವುದೋ ಅದೇ ನಿಮ್ಮ ಕ್ಲಬ್, ನಿಮ್ಮ ಕೌಂಟಿ ಯಾವುದೋ ಅದೇ ನಿಮ್ಮ ಜರ್ಸಿ. ಲೀಟ್ರಿಮ್‌ಗೆ ಒಳ್ಳೆಯ ಫಾರ್ವರ್ಡ್ ಬೇಕಿದ್ದರೆ ಲೀಟ್ರಿಮ್‌ನಲ್ಲೇ ಹುಟ್ಟಿ ಬೆಳೆಯಬೇಕು. ಹಾಗಾಗಿ ಹಣಕ್ಕೆ ಇಲ್ಲಿ ಇರುವುದು ಒಂದೇ ದಾರಿ. ಮಕ್ಕಳಿಗೆ ಕಲಿಸುವುದು. ಯಾರ ಹತ್ತಿರ ಕಲಿಸುವವರು ಜಾಸ್ತಿ ಇದ್ದಾರೋ, ಹದಿನೈದು ವರ್ಷದ ಮೇಲೆ ಅವರ ಹತ್ತಿರ ಆಟಗಾರರು ಜಾಸ್ತಿ ಇರುತ್ತಾರೆ.

ಡಬ್ಲಿನ್‌ಗೆ ಈ ಹಣ ಶುರುವಾದ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಅದನ್ನು ಮುಚ್ಚಿಟ್ಟು ಮಾತಾಡಿದರೆ ತಪ್ಪಾಗುತ್ತದೆ. 1983ರಲ್ಲಿ ಆಲ್-ಐರ್ಲೆಂಡ್ ಗೆದ್ದ ಡಬ್ಲಿನ್ ಮತ್ತೆ ಗೆದ್ದದ್ದು 1995ರಲ್ಲಿ. ಆಮೇಲೆ ಹದಿನಾರು ವರ್ಷ ಏನೂ ಇಲ್ಲ. ನಗರ ಬೆಳೆಯುತ್ತಿತ್ತು. ಹೊಸ ಬಡಾವಣೆಗಳ ಮಕ್ಕಳು ಸಾಕರ್ ಕಡೆ, ರಗ್ಬಿ ಕಡೆ ಹೋಗುತ್ತಿದ್ದರು. ರಾಜಧಾನಿಯಲ್ಲೇ ಬೇರು ಒಣಗಿದರೆ ಗತಿಯೇನು ಅನ್ನುವ ಹೆದರಿಕೆ ನಿಜವಾದದ್ದೇ. 2002ರಲ್ಲಿ ಪೀಟರ್ ಕ್ವಿನ್ ನೇತೃತ್ವದ ಸಮಿತಿಯೊಂದು ಡಬ್ಲಿನ್ನನ್ನು ಎರಡು ತಂಡ ಮಾಡಿ ಅಂತಲೂ ಹೇಳಿತು. ಒಡೆಯುವ ಮಾತು ಅಲ್ಲಿಗೇ ನಿಂತಿತು. ಹಣ ಮಾತ್ರ ಬಂತು. 2000ರ ದಶಕದ ಮಧ್ಯದಿಂದ ಡಬ್ಲಿನ್‌ಗೆ ಆಟದ ಬೆಳವಣಿಗೆಗೆಂದು ವರ್ಷಕ್ಕೆ ಹತ್ತು ಲಕ್ಷ ಯೂರೋಗೂ ಮೀರಿ ಬರತೊಡಗಿತು. ಅದರಲ್ಲಿ ದೊಡ್ಡ ಪಾಲು ಸರ್ಕಾರದ ಕ್ರೀಡಾ ಮಂಡಳಿಯದು. ಬೇರೆ ಯಾವ ಕೌಂಟಿಗೂ ಅದರ ಹತ್ತಿರಕ್ಕೆ ಬರುವ ಮೊತ್ತ ಸಿಗಲಿಲ್ಲ.

ಈಗ ಒಂದು ಸುಲಭದ ಲೆಕ್ಕ ಹಾಕಿ. 2005ರಲ್ಲಿ ಆರು ವರ್ಷದ ಮಗು 2019ಕ್ಕೆ ಇಪ್ಪತ್ತರ ತರುಣ. ಆ ಹೊತ್ತಿಗೆ ಡಬ್ಲಿನ್ ಏನು ಮಾಡಿತ್ತು? 2011ರಿಂದ 2020ರವರೆಗಿನ ಹತ್ತು ವರ್ಷದಲ್ಲಿ ಎಂಟು ಆಲ್-ಐರ್ಲೆಂಡ್. ಅದರಲ್ಲಿ 2015ರಿಂದ ಸಾಲಾಗಿ ಆರು. ಪುರುಷರ ಫುಟ್ಬಾಲಿನಲ್ಲಿ ಅಲ್ಲಿಯವರೆಗೆ ಯಾರೂ ಸಾಲಾಗಿ ಐದು ಗೆದ್ದಿರಲಿಲ್ಲ. 1982ರಲ್ಲಿ ಕೆರಿ ಐದನೆಯದರ ಬಾಗಿಲಿಗೆ ಬಂದು ನಿಂತಾಗ ಆಫಲಿ ಕೌಂಟಿಯ ಶೇಮಸ್ ಡಾರ್ಬಿ ಕೊನೆಗಳಿಗೆಯಲ್ಲಿ ಹೊಡೆದ ಗೋಲನ್ನು ಇಲ್ಲಿನವರು ಇವತ್ತಿಗೂ ನಿನ್ನೆ ನಡೆದ ಹಾಗೆ ಹೇಳುತ್ತಾರೆ. ಪ್ರಾಂತ್ಯದ ಮಟ್ಟದಲ್ಲಿ ನೋಡಿದರೆ, ಡಬ್ಲಿನ್ ಸೇರಿದ ಲೆನ್ಸ್ಟರ್ ಪ್ರಾಂತ್ಯದ ಪ್ರಶಸ್ತಿ 2011ರಿಂದ 2024ರವರೆಗೆ ಸಾಲಾಗಿ ಹದಿನಾಲ್ಕು ವರ್ಷ ಡಬ್ಲಿನ್ ಪಾಲಾಯಿತು.

ಗೆದ್ದ ರೀತಿಯನ್ನೂ ನೋಡಬೇಕು. 2015ರಲ್ಲಿ ಲಾಂಗ್‌ಫರ್ಡ್ ಮೇಲೆ 27 ಅಂಕಗಳ ಗೆಲುವು. 2020ರ ಲೆನ್ಸ್ಟರ್ ಫೈನಲಿನಲ್ಲಿ ಮೀತ್ ಮೇಲೆ 21 ಅಂಕ. ಮೀತ್ ಸಣ್ಣ ಹೆಸರಲ್ಲ, ಏಳು ಸಲ ಆಲ್-ಐರ್ಲೆಂಡ್ ಗೆದ್ದ ಕೌಂಟಿ. ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಬಂದ ಸಣ್ಣ ಕೌಂಟಿಯ ಜನ ಅರ್ಧ ಆಟಕ್ಕೇ ಎದ್ದು ಹೋಗುವುದನ್ನು ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಇದನ್ನೆಲ್ಲ ಕೇಳಿದಾಗ ನನಗೆ ನೆನಪಾಗುವುದು ನಮ್ಮೂರ ಕಾಲುವೆ.

ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನವನು. ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬರುತ್ತದೆ. ಬರಬೇಕು, ಅನ್ನುವುದು ಸರಿ. ಯೋಜನೆ ಮಾಡಿದಾಗ ನೀರು ಕಡಿಮೆ ಕುಡಿಯುವ ಬೆಳೆಗೆ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತ ಬಂದ ಮೇಲೆ ಅಕ್ಕಿ ಗಿರಣಿ ಬಂತು, ದುಡ್ಡು ಬಂತು, ದುಡ್ಡಿನ ಹಿಂದೆ ಮಾತಿಗೆ ಬೆಲೆಯೂ ಬಂತು. ಕೆಳಭಾಗದ ರೈತರು ಮೈಲು 104ರ ಹತ್ತಿರ ಗೇಜ್ ನೋಡುತ್ತಾ ಕೂರುವುದು ಪ್ರತಿ ವರ್ಷದ ಕಥೆ. ಅಪ್ಪ ಸಂಜೆ ಕಾಲುವೆ ಏರಿಯ ಮೇಲೆ ನಡೆದು ಹೋಗಿ, ಕೋಲು ಇಳಿಸಿ, ಒದ್ದೆಯಾದ ಜಾಗಕ್ಕೆ ಬೆರಳಿಟ್ಟು ಅಳೆದು ಬರುತ್ತಿದ್ದರು. 'ಮ್ಯಾಲಿನವರು ಉಂಡು ಉಳಿದದ್ದು ನಮಗ, ತಮ್ಮಾ' ಅನ್ನೋರು. ಅವರಿಗೆ ಮೇಲಿನ ರೈತರ ಮೇಲೆ ಸಿಟ್ಟಿರಲಿಲ್ಲ. ಅವರೂ ದುಡಿಯುವ ಮಂದಿಯೇ. ತೂಬು ಅವರ ಹೊಲದ ಹತ್ತಿರ ಇತ್ತು, ಅಷ್ಟೇ.

ಡಬ್ಲಿನ್ ವಿಷಯದಲ್ಲೂ ನನಗೆ ಅನಿಸುವುದು ಇದೇ. ಡಬ್ಲಿನ್‌ನವರು ಮೋಸ ಮಾಡಿಲ್ಲ. ಬಂದ ಹಣವನ್ನು ಪೋಲು ಮಾಡಿಲ್ಲ. ದೊಡ್ಡವರ ತಂಡಕ್ಕೆ ಸುರಿಯದೆ ಶಾಲೆಯ ಮಕ್ಕಳಿಗೆ ಕೋಚ್ ಇಟ್ಟರು. ಹೀಗೆ ಖರ್ಚು ಮಾಡಿದ್ದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಗದ್ದೆ ತುಂಬಿದ ಮೇಲೂ ತೂಬು ತೆರೆದೇ ಇತ್ತು. ತೆರೆದವರಿಗೆ ಮತ್ತೆ ಬಂದು ಅಳೆಯುವ ಮನಸ್ಸು ಬರಲಿಲ್ಲ. ತಪ್ಪು ಅಲ್ಲಿದೆ.

'ವಿಶೇಷ ಸ್ಥಾನಮಾನ' ಅನ್ನುವ ಮಾತನ್ನು ನಮ್ಮ ಕಡೆಯವರು ಸುಮ್ನೆ ಕೇಳಿಕೊಂಡು ಹೋಗಲಾರರು. ನಾವು ಆ ಮಾತಿಗಾಗಿ ಬಹಳ ವರ್ಷ ಕಾದವರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ 371(ಜೆ) ಸಿಕ್ಕಿದ್ದು 2012ರ ಕೊನೆಗೆ, ಸಂವಿಧಾನದ 98ನೇ ತಿದ್ದುಪಡಿಯಾದಾಗ. ಅದರ ಹಿಂದೆ ದಶಕಗಳ ಹೋರಾಟವಿತ್ತು, ವೈಜನಾಥ ಪಾಟೀಲರಂಥವರ ಬದುಕೇ ಅದಕ್ಕೆ ಹೋಯಿತು. ಕೇಳುವುದಕ್ಕೆ ಒಂದು ಆಧಾರವೂ ಇತ್ತು. ಡಿ. ಎಂ. ನಂಜುಂಡಪ್ಪ ಸಮಿತಿ ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ ಅಂತ 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ ಒಂದೊಂದು ತಾಲ್ಲೂಕನ್ನೂ ಅಳೆಯಿತು. 114 ತಾಲ್ಲೂಕು ಹಿಂದುಳಿದಿವೆ ಅಂತ ಹೆಸರು ಹಿಡಿದು ಹೇಳಿತು. ಕೊರತೆ ತುಂಬಲು ಎಂಟು ವರ್ಷದ ಯೋಜನೆಯನ್ನೂ ಕೊಟ್ಟಿತು.

ಆ ವರದಿ ಬಂದದ್ದೂ 2002ರಲ್ಲೇ. ಇಲ್ಲಿ ಡಬ್ಲಿನ್ ಬಗ್ಗೆ ಸಮಿತಿ ಮಾತಾಡಿದ ಅದೇ ವರ್ಷ. ಎರಡು ದೇಶ, ಒಂದೇ ವರ್ಷ. ಒಂದು ಕಡೆ ತಾಲ್ಲೂಕು ಮಟ್ಟಕ್ಕೆ ಇಳಿದು ಅಳೆದು, ಇಷ್ಟು ಕೊರತೆ, ಇಷ್ಟು ವರ್ಷ ಅಂದರು. ಇನ್ನೊಂದು ಕಡೆ ರಾಜಧಾನಿಗೆ ಹೆದರಿಕೆಯಿದೆ ಅಂತ ಹಣ ಕೊಟ್ಟರು, ಯಾವಾಗ ನಿಲ್ಲಿಸಬೇಕು ಅಂತ ಬರೆದಿಡಲಿಲ್ಲ.

ನಮ್ಮಲ್ಲೂ ಎಲ್ಲ ಸರಿಯಾಯಿತು ಅಂತ ಹೇಳಲಾರೆ. ಎಂಟು ವರ್ಷ ಅಂದದ್ದು ಮುಗಿದು ಎಷ್ಟೋ ಕಾಲವಾಗಿ, ಈಚೆಗೆ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೆ ಒಂದು ಸಮಿತಿ ಮಾಡಿದರು. ಇಪ್ಪತ್ತು ವರ್ಷ ಮೀರಿದ ಮೇಲೆ. ತಡವಾಯಿತು, ನಿಜ. ಆದರೂ ಮತ್ತೊಮ್ಮೆ ಅಳೆಯಬೇಕು ಅನ್ನುವ ಬುದ್ಧಿ ಇದೆಯಲ್ಲ, ಅದು ಬೇಕು. ವಿಶೇಷ ಅನ್ನುವುದು ಊರಿಗೆ ಕೊಡುವ ಬಿರುದಲ್ಲ. ಕೊರತೆಗೆ ಕೊಡುವ ಕಾಳು. ನಾಳೆ ರಾಯಚೂರಿನಲ್ಲಿ ಕೊರತೆ ನೀಗಿ ಹಾವೇರಿಯ ಒಂದು ತಾಲ್ಲೂಕಿನಲ್ಲಿ ಉಳಿದಿದ್ದರೆ, ಕಾಳು ಅಲ್ಲಿಗೆ ಹೋಗಬೇಕು. ರಾಯಚೂರಿನವನಾಗಿ ನಾನು ಇದನ್ನು ಒಪ್ಪುತ್ತೇನೆ.

ಡಬ್ಲಿನ್ ಗೆಳೆಯರು ಇದಕ್ಕೆ ಹೇಳುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಅದರಲ್ಲಿ ಗಟ್ಟಿಯಾದದ್ದು ಜನಸಂಖ್ಯೆಯ ಮಾತು. 2022ರ ಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ಜನ 51 ಲಕ್ಷ ದಾಟಿದ್ದರು, ಅದರಲ್ಲಿ ಡಬ್ಲಿನ್ ಕೌಂಟಿಯವರೇ 14 ಲಕ್ಷಕ್ಕೂ ಜಾಸ್ತಿ. ಕಾಲು ಪಾಲಿಗಿಂತ ಹೆಚ್ಚು ಮಕ್ಕಳು ಇಲ್ಲಿರುವಾಗ ಕಾಲು ಪಾಲು ಹಣ ಇಲ್ಲಿಗೆ ಬರಬೇಡವೇ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಡಬ್ಲಿನ್ ಅಂಚಿನ ಲೂಕನ್‌ನ ಮಗುವೂ ಮಗುವೇ, ಲೀಟ್ರಿಮ್‌ನ ಮಗುವೂ ಮಗುವೇ. ತಲಾ ಲೆಕ್ಕದಲ್ಲಿ ಡಬ್ಲಿನ್‌ಗೆ ಏನು ಬರಬೇಕೋ ಅದು ಬರಲಿ, ಒಂದು ಯೂರೋ ಕಡಿಮೆ ಮಾಡಬಾರದು. ಆದರೆ ಬಹಳ ವರ್ಷ ಡಬ್ಲಿನ್‌ಗೆ ಹೋದದ್ದು ತಲಾ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ. ಒಂದೊಂದು ನೋಂದಾಯಿತ ಆಟಗಾರನಿಗೆ ಎಷ್ಟು ಬಿತ್ತು ಅಂತ ನೋಡಿದರೂ ಡಬ್ಲಿನ್ ಮೇಲೇ ಇತ್ತು. ತಲಾ ಲೆಕ್ಕ ಬೇಡುವವರು ಅದೇ ಲೆಕ್ಕಕ್ಕೆ ತಲೆಬಾಗಬೇಕು ಅಲ್ವಾ?

ತಲಾ ಲೆಕ್ಕವೂ ಪೂರ್ತಿ ನ್ಯಾಯ ಕೊಡುವುದಿಲ್ಲ. 14 ಲಕ್ಷ ಜನರಿಂದಲೂ ಒಂದೇ ತಂಡ, 35 ಸಾವಿರ ಜನರಿಂದಲೂ ಒಂದೇ ತಂಡ. ಒಬ್ಬ ಕೋಚ್ ಡಬ್ಲಿನ್‌ನಲ್ಲಿ ಒಂದು ಬೆಳಗಿಗೆ ಎರಡು ಶಾಲೆ ಮುಗಿಸಿ ಇನ್ನೂರು ಮಕ್ಕಳನ್ನು ನೋಡಬಹುದು. ಲೀಟ್ರಿಮ್‌ನಲ್ಲಿ ಅದೇ ಇನ್ನೂರು ಮಕ್ಕಳಿಗೆ ವಾರವಿಡೀ ಬೆಟ್ಟ, ಕೆರೆ ಸುತ್ತಿ ಕಾರು ಓಡಿಸಬೇಕು. ಡೀಸೆಲ್‌ಗೆ ಹೋಗುವ ಹಣ ತಲಾ ಲೆಕ್ಕದಲ್ಲಿ ಕಾಣುವುದಿಲ್ಲ. ಮತ್ತೆ ಅಲ್ಲಿನ ಹುಡುಗರು ಹದಿನೆಂಟಕ್ಕೆ ಓದಲು, ಆಮೇಲೆ ಕೆಲಸಕ್ಕೆ ಡಬ್ಲಿನ್‌ಗೇ ಬರುತ್ತಾರೆ. ನಮ್ಮ ಆಫೀಸಿನಲ್ಲಿ ಅಂಥ ಒಬ್ಬ ಹುಡುಗ ಇದ್ದ. ವಾರದ ನಡುವೆ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಎರಡು ಗಂಟೆಗೂ ಜಾಸ್ತಿ ಕಾರು ಓಡಿಸಿ ಅಭ್ಯಾಸಕ್ಕೆ ಹೋಗೋನು. ಮಧ್ಯರಾತ್ರಿ ವಾಪಸ್ಸು. ಊಟದ ಡಬ್ಬಿ ಡ್ಯಾಶ್‌ಬೋರ್ಡ್ ಮೇಲೆ. ಬೆಳಗ್ಗೆ ಒಂಬತ್ತಕ್ಕೆ ನಮ್ಮೆದುರು ಕೂತಿರೋನು. ಡಬ್ಲಿನ್ ಆಟಗಾರನಿಗೆ ಅದೇ ಅಭ್ಯಾಸ ಮನೆಯ ಹತ್ತಿರ.

ಇನ್ನು ಕೆಲವರು ಹೇಳುವುದು, ಇದು ಹಣದಿಂದ ಆದದ್ದಲ್ಲ, ಒಂದು ಒಳ್ಳೆಯ ಪೀಳಿಗೆ ಬಂತು, ಜಿಮ್ ಗ್ಯಾವಿನ್ ಅಂಥ ಮ್ಯಾನೇಜರ್ ಸಿಕ್ಕಿದರು, ಅಷ್ಟೇ ಅಂತ. ಗ್ಯಾವಿನ್ 2013ರಿಂದ 2019ರವರೆಗೆ ಆರು ಪ್ರಶಸ್ತಿ ತಂದವರು. ಅವರ ಕೆಲಸವನ್ನು ಕಡಿಮೆ ಮಾಡಿ ಮಾತಾಡುವವನು ನಾನಲ್ಲ. 2011ರ ಫೈನಲ್ ಕೊನೆಯಲ್ಲಿ ಕ್ಲಕ್ಸ್‌ಟನ್ ಗೋಲು ಬಿಟ್ಟು ಮೈದಾನದ ಉದ್ದಕ್ಕೂ ಓಡಿ ಬಂದು ಫ್ರೀ ಕಿಕ್ ಹೊಡೆದು ಕೆರಿಯನ್ನು ಒಂದೇ ಅಂಕದಿಂದ ಸೋಲಿಸಿದರು. ಆ ಧೈರ್ಯವನ್ನು ಯಾವ ಅನುದಾನವೂ ಕೊಡಲಾರದು. ಹಣದಿಂದ ಬರುವುದು ಬೆಂಚು. ಮಯೋ ಕೌಂಟಿ ಡಬ್ಲಿನ್ ಜೊತೆ ಅರವತ್ತು ನಿಮಿಷ ಸರಿಸಮವಾಗಿ ಆಡುತ್ತಿತ್ತು. ಆಮೇಲೆ ಡಬ್ಲಿನ್ ಬೆಂಚಿನಿಂದ ಎದ್ದು ಬರುವವರು ಬೇರೆ ಯಾವುದೇ ಕೌಂಟಿಯಲ್ಲಾದರೆ ಮೊದಲ ಹದಿನೈದರಲ್ಲಿ ಇರಬೇಕಾದವರು. 2013, 2016, 2017, 2020. ನಾಲ್ಕು ಫೈನಲ್ ಮಯೋ ಹೀಗೆ ಡಬ್ಲಿನ್‌ಗೆ ಸೋತಿತು. ಅವರು ಕೊನೆಯ ಸಲ ಗೆದ್ದದ್ದು 1951ರಲ್ಲಿ.

2025ರಲ್ಲಿ ಮಾತು ತಿರುಗಿತು. ಲೆನ್ಸ್ಟರ್ ಸೆಮಿಫೈನಲಿನಲ್ಲಿ ಮೀತ್ ಡಬ್ಲಿನ್ನನ್ನು ಸೋಲಿಸಿತು. ಫೈನಲಿನಲ್ಲಿ ಲೌತ್ ಮೀತನ್ನು ಸೋಲಿಸಿ 1957ರ ನಂತರ ಮೊದಲ ಸಲ ಪ್ರಶಸ್ತಿ ಎತ್ತಿತು. ಅವತ್ತು ಕ್ರೋಕ್ ಪಾರ್ಕಿನಲ್ಲಿ ಅಜ್ಜಂದಿರು ಅಳುತ್ತಿದ್ದದ್ದನ್ನು ಟೀವಿಯಲ್ಲಿ ನೋಡಿ ನಮ್ಮ ಮನೆಯಲ್ಲೂ ಕಣ್ಣು ಒದ್ದೆಯಾಯಿತು. ಮಾರನೆಯ ದಿನದಿಂದಲೇ ಶುರು: ನೋಡಿ, ಡಬ್ಲಿನ್ ಸೋತಿತಲ್ಲ, ಹಣದ ಮಾತೆಲ್ಲ ಸುಳ್ಳು ಅಂತ ಒಬ್ಬರು. ಡಬ್ಲಿನ್ ಈಗ ಕೆಳಗೆ ಬಿದ್ದಿದೆ, ಮತ್ತೆ ವಿಶೇಷ ಹಣ ಬೇಕು ಅಂತ ಇನ್ನೊಬ್ಬರು. ಎರಡನ್ನೂ ನಾನು ಒಪ್ಪುವುದಿಲ್ಲ. ಮಗುವಿನಲ್ಲಿ ಬಿತ್ತಿದ ಹಣ ಬೆಳೆಯಾಗಲು ಹದಿನೈದು ವರ್ಷ ಬೇಕಾದರೆ, ಅದರ ಲೆಕ್ಕವನ್ನು ಒಂದು ಬೇಸಿಗೆಯ ಎರಡು ಪಂದ್ಯದಿಂದ ಮಾಡುವ ಹಾಗಿಲ್ಲ. ಈಚಿನ ವರ್ಷಗಳಲ್ಲಿ ಜಿಎಎ ತಾನೇ ಹಂಚಿಕೆಯನ್ನು ತಿದ್ದತೊಡಗಿದೆ. ಡಬ್ಲಿನ್ ಪಾಲು ಇಳಿಸಿದೆ, ಸುತ್ತಲಿನ ಪೂರ್ವ ಲೆನ್ಸ್ಟರ್ ಕೌಂಟಿಗಳಲ್ಲೂ ಕೋಚ್‌ಗಳಿಗೆ ಹಣ ಹಾಕಿದೆ. ಒಳ್ಳೆಯ ಹೆಜ್ಜೆ. ಅದರ ಫಲ ನೋಡಲು 2035 ಬರಬೇಕು. ಅಲ್ಲಿಯವರೆಗೆ ಯಾರೂ ಹಿಂದೆ ಎಳೆಯದಿದ್ದರೆ ಸಾಕು.

'ಯಾವ ದೊರೆತನವೂ ತಾನಾಗಿಯೇ ಮುಗಿಯುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ' ಅನ್ನುವವರಿಗೆ ನಾನು ನಮ್ಮ ರಣಜಿ ಟ್ರೋಫಿಯ ಕಥೆ ಹೇಳುತ್ತೇನೆ. ಬಾಂಬೆ ತಂಡ 1958-59ರಿಂದ ಸಾಲಾಗಿ ಹದಿನೈದು ವರ್ಷ ರಣಜಿ ಗೆದ್ದಿತ್ತು. ಹದಿನೈದು! ಅದನ್ನು ಮುರಿದದ್ದು ಕರ್ನಾಟಕ, 1974ರಲ್ಲಿ. ಬೆಂಗಳೂರಿನಲ್ಲಿ ನಡೆದ ಆ ಸೆಮಿಫೈನಲಿನಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ನಮ್ಮ ಸೋದರಮಾವ ಅದನ್ನು ರೇಡಿಯೋದಲ್ಲಿ ಕೇಳಿದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಕೇಳಿದ ಇಲ್ಲಿನ ಗೆಳೆಯರಿಗೆ ಖುಷಿಯಾಗುತ್ತದೆ, ನೋಡಿ ಅಂತಾರೆ, ಮುಗಿಯಿತಲ್ಲ!

ಆದರೆ ಆ ಕಥೆಯ ಇನ್ನೊಂದು ಮಗ್ಗುಲೂ ಇದೆ. ಬಾಂಬೆಯನ್ನು ಸೋಲಿಸಿದ್ದು ಇನ್ನೊಂದು ದೊಡ್ಡ ನಗರ. ಮೈದಾನ, ಕ್ಲಬ್ಬು, ಕಾಲೇಜು ಎಲ್ಲ ಇದ್ದ ಬೆಂಗಳೂರು. ನಮ್ಮ ರಾಯಚೂರಿನ ಹುಡುಗನಿಗೆ ಆಗಲೂ ಮ್ಯಾಟಿಂಗ್ ಪಿಚ್ಚೇ. ಗದಗಿನ ಸುನೀಲ್ ಜೋಶಿ ಅಭ್ಯಾಸಕ್ಕಾಗಿ ಬೆಳಗಿನ ರೈಲು ಹಿಡಿದು ಹುಬ್ಬಳ್ಳಿಗೆ ಹೋಗುತ್ತಿದ್ದರು, ಅದೂ ಎಷ್ಟೋ ವರ್ಷ ಆದ ಮೇಲಿನ ಮಾತು. ರಾಯಚೂರಿನಲ್ಲಿ ಹುಟ್ಟಿದ ಯೆರೆ ಗೌಡ ಬಹಳ ವರ್ಷ ಆಡಿದ್ದು ರೈಲ್ವೇಸ್ ತಂಡಕ್ಕೆ, ರಣಜಿ ಎತ್ತಿದ್ದೂ ಅವರ ಜೊತೆಗೇ. ದೊಡ್ಡವನನ್ನು ಇನ್ನೊಬ್ಬ ದೊಡ್ಡವನು ಬೀಳಿಸಿದರೆ ಕಾಲುವೆ ಕೊನೆಗೆ ನೀರು ಬಂದ ಹಾಗಲ್ಲ. 2025ರಲ್ಲಿ ಆಲ್-ಐರ್ಲೆಂಡ್ ಗೆದ್ದದ್ದು ಕೆರಿ. ಅದು ಅವರ 39ನೆಯದು. ಲೀಟ್ರಿಮ್‌ಗೆ ಇವತ್ತಿಗೂ ಒಂದೂ ಇಲ್ಲ. ಅವರ ಪಾಲಿಗೆ ಇರುವುದು 1927 ಮತ್ತು 1994ರ ಎರಡು ಕೊನಾಕ್ಟ್ ಪ್ರಾಂತ್ಯ ಪ್ರಶಸ್ತಿ.

ಬಲವಾಗಿದ್ದವರಿಗೆ ಎಂದೂ ಹೆಚ್ಚಿನ ಹಣ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕೊಡಗನ್ನು ನೋಡಿ. ಹಾಕಿಯಲ್ಲಿ ಅದು ಡಬ್ಲಿನ್ನೇ. ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್. ವಿ. ಸುನಿಲ್, ಹೀಗೆ ಎಷ್ಟು ಹೆಸರು ಬೇಕಾದರೂ ಹೇಳಬಹುದು. ಆದರೆ 2011ರ ಗಣತಿಯಲ್ಲಿ ಇಡೀ ಜಿಲ್ಲೆಯ ಜನ ಐದೂವರೆ ಲಕ್ಷ. ಅಲ್ಲಿನ ಬಲ ಬಂದದ್ದು ಕುಟುಂಬಗಳಿಂದ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದೊಂದು ಒಕ್ಕವೂ, ಅಂದರೆ ಮನೆತನವೂ, ಒಂದೊಂದು ತಂಡ. ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು ಬರುತ್ತವೆ. ಅಜ್ಜ, ಮಗ, ಮೊಮ್ಮಗಳು ಒಂದೇ ಜರ್ಸಿಯಲ್ಲಿ. ಇಲ್ಲಿನ ಪ್ಯಾರಿಷ್ ಕ್ಲಬ್ಬಿಗೆ ನಮ್ಮ ನಾಡಿನಲ್ಲಿ ಹತ್ತಿರದ ನೆಂಟ ಯಾರಾದರೂ ಇದ್ದರೆ ಅದು ಕೊಡವರ ಒಕ್ಕ. ಅಂಥ ಕಡೆ ಟರ್ಫ್ ಹಾಕಲು ಸರ್ಕಾರ ಹಣ ಕೊಟ್ಟರೆ ಯಾರಿಗೂ ಅನ್ಯಾಯವಿಲ್ಲ. ಜನ ಕಡಿಮೆ, ಮಳೆ ಜಾಸ್ತಿ, ನೆಲ ಇಳಿಜಾರು. ಕೊರತೆ ಕಣ್ಣಿಗೆ ಕಾಣುತ್ತದೆ.

ಅದೇ ಕಣ್ಣಿನಿಂದ ನೋಡಿದರೆ ಡಬ್ಲಿನ್‌ನಲ್ಲೂ ಒಂದು ನಿಜವಾದ ಕೊರತೆ ಇದೆ. ಜಾಗ. ಇಲ್ಲಿ ಒಂದು ಮೈದಾನದಷ್ಟು ನೆಲ ಕೊಳ್ಳುವ ಶಕ್ತಿ ಯಾವ ಕ್ಲಬ್ಬಿಗೂ ಇಲ್ಲ. ಸಾವಿರಾರು ಮಕ್ಕಳಿರುವ ಕ್ಲಬ್ಬುಗಳು ನಗರಸಭೆಯ ಪಾರ್ಕಿನಲ್ಲಿ ಸರದಿ ಕಾಯುತ್ತವೆ. ಹೊಸ ಬಡಾವಣೆಗಳಲ್ಲಿ ಬರುವ ಮಕ್ಕಳಲ್ಲಿ ನಮ್ಮವರೂ ಇದ್ದಾರೆ, ಕೇರಳದವರೂ, ನೈಜೀರಿಯಾದವರೂ, ಪೋಲೆಂಡಿನವರೂ. ಈ ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಸಿಗುವ ಮೊದಲ ಐರಿಷ್ ಗೆಳೆತನ ಈ ಚೆಂಡಿನಿಂದಲೇ. ಮೈದಾನಕ್ಕೆ ಹಣ ಕೇಳಿದರೆ ನಾನು ಡಬ್ಲಿನ್ ಪರವಾಗಿ ಮೊದಲು ಕೈ ಎತ್ತುತ್ತೇನೆ. ಆದರೆ ಅದು ಮೈದಾನದ ಹೆಸರಿನಲ್ಲಿ, ಇಷ್ಟು ಎಕರೆ, ಇಷ್ಟು ವರ್ಷ ಅಂತ ಬರಬೇಕು. ಡಬ್ಲಿನ್ ಅನ್ನುವ ಹೆಸರಿಗೆ ಬರಬಾರದು.

ಕೈಯಲ್ಲಿ ಹಣವಿದ್ದವರು ಹೇಗೆ ಕೊಡಬಹುದು ಅನ್ನುವುದಕ್ಕೆ ಇಲ್ಲೇ ಒಂದು ಉದಾಹರಣೆ ಇದೆ. ಲಿಮರಿಕ್ ಕೌಂಟಿಯ ಹರ್ಲಿಂಗ್ ತಂಡದ ಬೆನ್ನಿಗೆ ನಿಂತ ಉದ್ಯಮಿ ಜೆ. ಪಿ. ಮ್ಯಾಕ್‌ಮ್ಯಾನಸ್. ಹರ್ಲಿಂಗ್ ಅಂದರೆ ಕೋಲಿನಲ್ಲಿ ಆಡುವ ಜಿಎಎ ಆಟ. ಲಿಮರಿಕ್ 2018ರಲ್ಲಿ ಗೆದ್ದಾಗ ಅವರು 32 ಕೌಂಟಿಗೂ ತಲಾ ಒಂದು ಲಕ್ಷ ಯೂರೋ ಕೊಟ್ಟರು. ಆಮೇಲೆ ಸಾಲಾಗಿ ನಾಲ್ಕು ಗೆದ್ದ ಮೇಲೆ ತಲಾ ಹತ್ತು ಲಕ್ಷ. ತನ್ನ ಕೌಂಟಿಗೆ ಎಷ್ಟೋ ಲೀಟ್ರಿಮ್‌ಗೂ ಅಷ್ಟೇ. ಗೆದ್ದವರ ಮನೆಯವರೇ ಹೀಗೆ ಯೋಚಿಸಬಲ್ಲರಾದರೆ ತೆರಿಗೆ ಹಣ ಹಂಚುವವರಿಗೆ ಏನು ಕಷ್ಟ?

ನಮ್ಮ ಕ್ಲಬ್ಬಿನ ವಾರ್ಷಿಕ ಸಭೆ ಬರುತ್ತಿದೆ. ಜಿಎಎಯಲ್ಲಿ ಒಂದು ದೊಡ್ಡ ಗುಣವೆಂದರೆ ಯಾವ ಸದಸ್ಯನೂ ಅಲ್ಲಿ ಗೊತ್ತುವಳಿ ಇಡಬಹುದು. ಕ್ಲಬ್ ಒಪ್ಪಿದರೆ ಅದು ಕೌಂಟಿ ಸಭೆಗೆ ಹೋಗುತ್ತದೆ, ಅಲ್ಲಿ ಒಪ್ಪಿದರೆ ಕಾಂಗ್ರೆಸ್ ಅನ್ನುವ ಜಿಎಎಯ ಮಹಾಸಭೆಗೆ. ನಾನು ಒಂದು ಹಾಳೆಯಲ್ಲಿ ಮೂರು ಸಾಲು ಬರೆದಿಟ್ಟಿದ್ದೇನೆ. ಪ್ರತಿ ಕೌಂಟಿಗೂ ಮಗುವಿನ ಲೆಕ್ಕದಲ್ಲಿ ಎಷ್ಟು ಹೋಯಿತು ಅಂತ ವರ್ಷ ವರ್ಷ ಪ್ರಕಟಿಸಬೇಕು. ಜನ ಕಡಿಮೆ, ದಾರಿ ದೂರ ಇರುವ ಕೌಂಟಿಗಳಿಗೆ ಅದರ ಮೇಲೆ ಹೆಚ್ಚು ಕೊಡಬೇಕು. ಯಾರಿಗೇ ಆಗಲಿ ವಿಶೇಷ ಅಂತ ಕೊಟ್ಟ ಹಣವನ್ನು ಐದು ವರ್ಷಕ್ಕೊಮ್ಮೆ ಮತ್ತೆ ಅಳೆದು ಮುಂದುವರಿಸಬೇಕು, ಇಲ್ಲವೇ ನಿಲ್ಲಿಸಬೇಕು. ಡಬ್ಲಿನ್ ಕ್ಲಬ್ಬಿನಿಂದಲೇ ಈ ಮಾತು ಹೊರಟರೆ ಅದಕ್ಕೆ ತೂಕ ಬೇರೆ.

ಗೊತ್ತುವಳಿಗೆ ಅನುಮೋದಿಸುವವರು ಒಬ್ಬರು ಬೇಕು. ಹೋದ ಶನಿವಾರ ಮಗಳ ಅಭ್ಯಾಸ ಮುಗಿದ ಮೇಲೆ ಚೀಲಕ್ಕೆ ಚೆಂಡು ತುಂಬಿಸುತ್ತಾ, ನಮ್ಮ ಜೊತೆ ಶನಿವಾರ ಸಹಾಯಕ್ಕೆ ಬರುವ ಒಬ್ಬ ಹಿರಿಯರನ್ನು ಕೇಳಿದೆ. ಹುಟ್ಟಾ ಡಬ್ಲಿನ್‌ನವರು, 1983ರ ಫೈನಲನ್ನು ಕ್ರೋಕ್ ಪಾರ್ಕಿನ ಹಿಲ್ 16 ಅನ್ನುವ ನಿಂತು ನೋಡುವ ಕಟ್ಟೆಯಲ್ಲಿ ನಿಂತು ನೋಡಿದವರು. ಹಾಳೆಯನ್ನು ಎರಡು ಸಲ ಓದಿದರು. ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು, ಮುಂದಿನ ವಾರ ಹೇಳುತ್ತೇನೆ ಅಂದರು.